ಸಂಶಯವೂ ಶ್ರದ್ಧೆಯೂ

ಸಂಶಯವುಳ್ಳವನು ಕೈಮುಗಿಯುವುದು ಆತ್ಮವಂಚನೆಯೆಂದು ವಿಚಾರವಾದಿ ಮಿತ್ರರು ಆಕ್ಷೇಪಿಸುತ್ತಾರೆ. ಈ ವಾದವು ನಿಲ್ಲತಕ್ಕದ್ದಲ್ಲ. ಋಗ್ವೇದದ ನಾಸದೀಯಸೂಕ್ತವು ಸೃಷ್ಟಿಮೂಲವನ್ನು ಕುರಿತ ಸಂಶಯದಲ್ಲಿಯೇ ಮುಗಿಯುತ್ತದೆ. ಪೂರ್ವಿಕರು ಅದನ್ನು ವೇದದಿಂದ ಹೊರಗಿಡಲಿಲ್ಲ. ಅದಿರಲಿ, ನಮ್ಮೂರಿನ ಕುದ್ರೋಳಿಯನ್ನೇ ನೋಡಿರಿ. ದೇವಾಲಯಗಳಲ್ಲಿ ಪ್ರವೇಶವಿಲ್ಲದಿದ್ದ ಬಿಲ್ಲವರಿಗೆ ದೇವರ ನ್ಯಾಯವನ್ನೇ ಶಂಕಿಸಲು ಕಾರಣವಿರಲಿಲ್ಲವೆ? ಆದರೂ 1912ರಲ್ಲಿ ನಾರಾಯಣಗುರುಗಳಿಂದ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿಸಿದರು. ಅವರು ತೊರೆದುದು ಬಾಗಿಲು ಮುಚ್ಚಿದವರನ್ನು, ದೇವರನ್ನಲ್ಲ. ಇದನ್ನು ವಂಚನೆಯೆನ್ನುವ ಧೈರ್ಯ ಯಾರಿಗುಂಟು?

30 ವರ್ಷ ಸಂಸ್ಕೃತ ಪಾಠ ಹೇಳಿದ ನನಗೂ, ಮಡದಿಯ ಉತ್ತರಕ್ರಿಯೆಯಲ್ಲಿ ಪಿಂಡವನ್ನಿಡುವಾಗ, ಇದು ಅವಳಿಗೆ ಮುಟ್ಟೀತೇ ಎಂಬ ಶಂಕೆಯುಂಟಾಯಿತು. ಉತ್ತರವು ಇಂದಿಗೂ ದೊರೆತಿಲ್ಲ. ಆದರೆ ಋಣವು ನಿಶ್ಚಯವಾಗಿತ್ತು. ಆದುದರಿಂದ ಕೈಯನ್ನು ಹಿಂದೆಗೆಯಲಿಲ್ಲ. ಪ್ರಮಾಣ ದೊರೆತ ಬಳಿಕವೇ ಕೃತಜ್ಞನಾಗುವೆನೆಂಬವನು ಬಾಳಿನಲ್ಲಿ ಯಾರಿಗೆ ತಾನೆ ಕೃತಜ್ಞನಾದಾನು? ಸಂಶಯವನ್ನೇ ಅರಿಯದ ನಂಬಿಕೆಯು, ಪರೀಕ್ಷೆಗೆ ಕುಳಿತುಕೊಳ್ಳದೆ ತೇರ್ಗಡೆಯಾದೆನೆಂದು ಹೇಳಿಕೊಳ್ಳುವ ವಿದ್ಯಾರ್ಥಿಯಂತೆ. ವಾಚಕರೇ ವಿಚಾರಮಾಡಲಿ.