ಒಪ್ಪಂದಕ್ಕೆ ಸಹಿ ಹಾಕಿದವರು ಯಾರು?

ವಿಶ್ವವಿದ್ಯಾನಿಲಯವೊಂದು ನಗರದ ನಡುವೆ ಆವಿಷ್ಕಾರ ಕೇಂದ್ರವನ್ನು ಕಟ್ಟಿದರೆ ಅದರಲ್ಲಿ ಆಕ್ಷೇಪಿಸುವುದೇನಿದೆ ಎಂದು ಓದುಗರಾದ ತಾವು ಕೇಳಬಹುದು. ವಿದ್ಯೆಯ ಹೆಸರು ಬಂದೊಡನೆ ನಾವು ತಲೆಬಾಗುತ್ತೇವೆ. ಹೆಂಡದ ದೊರೆಯೊಬ್ಬ ಬಡವರ ಕೇರಿಯ ಪಕ್ಕದಲ್ಲಿ ಮಹಲು ಎಬ್ಬಿಸಿದರೆ ನೂರು ಪ್ರಶ್ನೆ ಕೇಳುವ ನಾವು, ವಿಶ್ವವಿದ್ಯಾನಿಲಯವನ್ನು ಒಂದನ್ನೂ ಕೇಳುವುದಿಲ್ಲ.

ಅಮೆರಿಕದ ಹ್ಯೂಸ್ಟನ್ ನಗರವನ್ನೇ ನೋಡಿ. ಅಲ್ಲಿ 1939ರಲ್ಲಿ ಆರಂಭವಾಗಿದ್ದ ಸಿಯರ್ಸ್ ಮಳಿಗೆ 2018ರಲ್ಲಿ ಮುಚ್ಚಿತು. ರೈಸ್ ವಿಶ್ವವಿದ್ಯಾನಿಲಯದ ದತ್ತಿನಿಧಿಯನ್ನು ನಿರ್ವಹಿಸುವ ಸಂಸ್ಥೆ ಆ ಕಟ್ಟಡವನ್ನು ನವೀಕರಿಸಿ, 2021ರಲ್ಲಿ 'ಅಯಾನ್' ಎಂಬ ಹೆಸರಿನಿಂದ ತೆರೆಯಿತು. ಸುತ್ತಲಿನ 16 ಎಕರೆ ಈ ಯೋಜನೆಗೆ ಸೇರಿದೆ. ಬಡವರು ದಿನಸಿ ಕೊಳ್ಳುತ್ತಿದ್ದ ಫಿಯೆಸ್ಟಾ ಅಂಗಡಿ 2020ರಲ್ಲೇ ಬಾಗಿಲು ಹಾಕಿತ್ತು.

ಸಮೀಪದಲ್ಲೇ ಇರುವುದು ಥರ್ಡ್ ವಾರ್ಡ್, ಕಪ್ಪು ಜನರ ಹಳೆಯ ಬಡಾವಣೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು ಬ್ಯಾಪ್ಟಿಸ್ಟ್ ಬೋಧಕರಾದ ಜ್ಯಾಕ್ ಯೇಟ್ಸ್ ಅವರ ಮುಂದಾಳತ್ವದಲ್ಲಿ 1872ರಲ್ಲಿ ಹಣ ಕೂಡಿಸಿ ಅಲ್ಲಿ 10 ಎಕರೆ ನೆಲವನ್ನು ಕೊಂಡರು. ಬಿಡುಗಡೆಯ ದಿನವನ್ನು ಆಚರಿಸಲು ತಮ್ಮದೇ ಆದ ಜಾಗ ಬೇಕೆಂಬುದಷ್ಟೇ ಅವರ ಆಸೆಯಾಗಿತ್ತು. ಅದೇ ಇಂದಿನ ಎಮ್ಯಾನ್ಸಿಪೇಷನ್ ಪಾರ್ಕ್. ಇತ್ತ 1891ರ ರೈಸ್ ಸಂಸ್ಥೆಯ ಸ್ಥಾಪನಾಪತ್ರವು ವಿದ್ಯೆಯನ್ನು ಬಿಳಿಯರಿಗೆ ಮಾತ್ರ ಮೀಸಲಿಟ್ಟಿತ್ತು. ನ್ಯಾಯಾಲಯದ ಮೂಲಕ ಅದು ಬದಲಾದದ್ದು 1960ರ ದಶಕದಲ್ಲಿ. ಈ ನೆರೆಹೊರೆಯ ನಡುವೆ ಬರಿಯ ಒಳ್ಳೆಯ ಮಾತುಗಳಿಂದ ನಂಬಿಕೆ ಹುಟ್ಟೀತೇ?

ಟೆಕ್ಸಾಸ್ ರಾಜ್ಯದಲ್ಲಿ ವ್ಯಕ್ತಿಗಳ ಮೇಲೆ ವರಮಾನ ತೆರಿಗೆಯಿಲ್ಲ. ಸ್ಥಳೀಯ ಆಡಳಿತ ಹೆಚ್ಚಾಗಿ ಆಸ್ತಿ ತೆರಿಗೆಯನ್ನೇ ನೆಚ್ಚಿಕೊಂಡಿದೆ. ನೆಲದ ಬೆಲೆ ಏರಿದಂತೆ, ಮನೆಯನ್ನು ಮಾರುವ ಯೋಚನೆಯೇ ಇಲ್ಲದವರ ತೆರಿಗೆಯೂ ಏರಬಹುದು. ಬಾಡಿಗೆಗೆ ಮಿತಿ ಹಾಕಲು ಸಾಮಾನ್ಯ ಕಾಲದಲ್ಲಿ ನಗರಕ್ಕೆ ಅಧಿಕಾರವಿಲ್ಲ. ಹ್ಯೂಸ್ಟನ್ನಿನಲ್ಲಿ ಭೂಬಳಕೆಯ ವಲಯ ವಿಂಗಡಣೆಯೂ ಇಲ್ಲ. ಕಾನೂನಿನ ಆಸರೆ ಇಷ್ಟು ತೆಳುವಾಗಿರುವಲ್ಲಿ ನಿವಾಸಿಗಳಿಗೆ ಉಳಿಯುವುದು ಒಂದೇ ದಾರಿ: ಕಟ್ಟುವವರೊಂದಿಗೆ ಲಿಖಿತ ಕರಾರು. ನಿವಾಸಿಗಳ ಒಕ್ಕೂಟ ಬೇಡಿದ್ದು ಅದನ್ನೇ.

2021ರ ನವೆಂಬರಿನಲ್ಲಿ ಕರಾರೇನೋ ಆಯಿತು. 1 ಕೋಟಿ 53 ಲಕ್ಷ ಡಾಲರುಗಳ ಆ ಕರಾರಿನಲ್ಲಿ ಕೈಗೆಟಕುವ ವಸತಿ, ಉದ್ಯೋಗ ತರಬೇತಿ, ಅಲ್ಪಸಂಖ್ಯಾತ ಉದ್ಯಮಿಗಳಿಗೆ ನೆರವು ಎಲ್ಲವೂ ಇವೆ. ಆದರೆ ಅದು ಆದದ್ದು ನಗರಾಡಳಿತ ಮತ್ತು ರೈಸ್ ಸಂಸ್ಥೆಗಳ ನಡುವೆ. ಒಕ್ಕೂಟ ಹೊರಗೇ ಉಳಿಯಿತು. ಆ ವರ್ಷ ರೈಸ್ ದತ್ತಿನಿಧಿ ಸುಮಾರು 800 ಕೋಟಿ ಡಾಲರುಗಳಷ್ಟಿತ್ತು. ಕೊಟ್ಟದ್ದು ಸಾವಿರಕ್ಕೆ ಎರಡು ಡಾಲರಿನಷ್ಟೂ ಅಲ್ಲ. ಮೊತ್ತದ ಮಾತನ್ನು ಬಿಡೋಣ. ಸಹಿ ಹಾಕದವನು ನಾಳೆ ಕರಾರು ಮುರಿದಾಗ ಯಾವ ಬಲದಿಂದ ಪ್ರಶ್ನಿಸಬೇಕು? ಫಲಾನುಭವಿಗಳೆಂದು ಹೆಸರಿಸಿದವರನ್ನೇ ಪಕ್ಷಗಾರರನ್ನಾಗಿ ಒಪ್ಪದಿರುವುದು ದಾನಶೂರತ್ವವಾದೀತು, ನ್ಯಾಯವಾಗದು.

ನಾಬೋತನ ದ್ರಾಕ್ಷಿತೋಟದ ಕಥೆಯನ್ನು ನಾವು ಈಜೆಬೆಲಳ ಕ್ರೌರ್ಯಕ್ಕಾಗಿ ಮಾತ್ರ ನೆನೆಯುತ್ತೇವೆ. ಆದರೆ ಅಹಾಬನು ಮೊದಲು ಬಂದದ್ದು ಉದಾರಿಯಂತೆ: ಇನ್ನೂ ಒಳ್ಳೆಯ ತೋಟ, ಇಲ್ಲವೇ ಹಣ. ನಾಬೋತನಿಗೆ ಆ ನೆಲ ಪಿತ್ರಾರ್ಜಿತವೆಂಬುದು ಅರಸನ ಲೆಕ್ಕಕ್ಕೇ ಬರಲಿಲ್ಲ. ಹ್ಯೂಸ್ಟನ್ನಿನಲ್ಲಿ ಯಾರೂ ಯಾರನ್ನೂ ಕಲ್ಲೆಸೆದು ಕೊಲ್ಲಲಿಲ್ಲ, ನಿಜ. ಆದರೂ ಬೆಲೆ ಕಟ್ಟುವವನೇ ಷರತ್ತನ್ನೂ ಬರೆಯುವ ರೀತಿ ನಮಗೆ ಹೊಸದಲ್ಲ.

ಕೆಲಸಗಳು ಬರುತ್ತವೆಂದು ಸಮರ್ಥಕರು ಹೇಳುತ್ತಾರೆ. ಬರಲಿ. ತರಬೇತಿ ಮುಗಿಸಿ ಆ ಕೆಲಸಕ್ಕೆ ಸೇರುವಷ್ಟರಲ್ಲಿ ಬಾಡಿಗೆ ಏರಿ ಆತ ಊರಾಚೆಗೆ ಹೋಗಿದ್ದರೆ, ಯೋಜನೆಯ ವರದಿ ಆತನನ್ನು ಯಾವ ಪಟ್ಟಿಯಲ್ಲಿ ಸೇರಿಸುತ್ತದೆ? ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2015ರ 'ಲೌದಾತೋ ಸಿ' ಪರಿಪತ್ರದಲ್ಲಿ, ಬಡವರನ್ನು ಸ್ಥಳಾಂತರಿಸಲೇಬೇಕಾದಾಗ ಮುಂಚಿತವಾಗಿ ಮಾಹಿತಿ ನೀಡಿ, ಯೋಗ್ಯ ವಸತಿಯ ಆಯ್ಕೆಯನ್ನು ಮುಂದಿಟ್ಟು, ಅವರನ್ನೂ ನೇರವಾಗಿ ತೊಡಗಿಸಿಕೊಳ್ಳಬೇಕೆಂದಿದ್ದಾರೆ. ಬಾಡಿಗೆಯ ಏರಿಕೆಯಿಂದ ಸದ್ದಿಲ್ಲದೆ ಹೊರಬೀಳುವವರಿಗೂ ಇದು ಅನ್ವಯಿಸಬೇಡವೇ?

ಪ್ರಶ್ನೆ ಸಾಗರದಾಚೆಯ ರೈಸ್ ಸಂಸ್ಥೆಗಷ್ಟೇ ಮೀಸಲಲ್ಲ. ಧರ್ಮಸಭೆಯ ಕಾಲೇಜುಗಳೂ ನಮ್ಮ ನಗರಗಳ ನಡುವೆ ಬೆಲೆಬಾಳುವ ನೆಲವನ್ನು ಹೊಂದಿವೆ. ಆಡಳಿತ ಮಂಡಳಿಗಳಲ್ಲಿ ಕುಳಿತಿರುವ ಓದುಗರು ಈ ಪುಟವನ್ನು ಮುಂದಿನ ಸಭೆಗೆ ಒಯ್ಯಲಿ. ಹೊಸ ಕಟ್ಟಡದ ನಕ್ಷೆಗೆ ಒಪ್ಪಿಗೆ ನೀಡುವ ಮೊದಲು, ಗೋಡೆಯಾಚೆಯ ಬೀದಿಯಿಂದ ಯಾರನ್ನು ಕರೆದು ಮಾತನಾಡಿಸಿದ್ದೇವೆಂದು ಕೇಳಲಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಲಿ.