ಬೇಸ್ ಗಿಟಾರಿನ ಕುಂಕುಮ, ಜಾನಪದದ ಮಡಿ

ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಹಿರಿಯ ವಿದ್ವಾಂಸರೊಬ್ಬರು, "ಆರ್ಕೆಸ್ಟ್ರಾಗಳು ಬಂದಮೇಲೆ ನಮ್ಮ ಜಾತ್ರೆಗಳು ಕೆಟ್ಟವು" ಎಂದರು. ಸಭೆ ತಲೆದೂಗಿತು. ನಾನೂ ತೂಗಿದೆ. ಮ್ಯಾಸನಾಯಕರ ಉರುಮೆಯ ಮೇಲೆ ಪಿಎಚ್‌.ಡಿ. ಮಾಡುತ್ತಿರುವವನು ಇನ್ನೇನು ಮಾಡಿಯಾನು? ಅಂದು ತೂಗಿದ ತಲೆಯ ತಪ್ಪನ್ನು ಒಪ್ಪಿಕೊಳ್ಳಲು ಈ ಬರಹ.

ಚಳ್ಳಕೆರೆಯ ಶಾಮಿಯಾನ ಅಂಗಡಿಯೊಂದರ ಗೋಡೌನಿಗೆ ಹಳೆಯ ಜಾತ್ರೆಯ ಕರಪತ್ರ ಹುಡುಕಿಕೊಂಡು ಹೋಗಿದ್ದೆ. ಬೊಂಬು, ಗುಂಡುಸೂಜಿ ಡಬ್ಬಿ, ಹರಿದ ಜಮಖಾನೆಗಳ ಹಿಂದೆ ಒಂದು ಎಲೆಕ್ಟ್ರಿಕ್ ಬೇಸ್ ಗಿಟಾರು ಒರಗಿ ನಿಂತಿತ್ತು. ಮಾಲೀಕರು, "ತಗಂಡೋಗಪ್ಪ, ಸೌದೆಗೂ ಬರಲ್ಲ ಅದು" ಎಂದರು. ತಂತಿಗಳು ತುಕ್ಕು ಹಿಡಿದು ಫ್ರೆಟ್ಟುಗಳಿಗೇ ಅಂಟಿದ್ದವು. ನಾಲ್ಕು ಬಿರಡೆಗಳಲ್ಲಿ ಒಂದು ತಿರುಗುತ್ತಲೇ ಇರಲಿಲ್ಲ. ವೈರು ಸಿಕ್ಕಿಸುವ ಸಾಕೆಟ್ ಕಿತ್ತು ಬಂದಿತ್ತು. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದಾದ್ದರಿಂದ ಮರ ಮಾತ್ರ ಕೊಳೆತಿರಲಿಲ್ಲ. ಆದರೆ ಕತ್ತು ಬಿಲ್ಲಿನ ಹಾಗೆ ಬಾಗಿತ್ತು. ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ಶ್ರುತಿಗೆ ಏರಿಸಿದರೆ ಒಟ್ಟು ಎಳೆತ ಸುಮಾರು 70 ಕೆ.ಜಿ. ಇರುತ್ತದೆ. ಕೊನೆಯ ಕಾರ್ಯಕ್ರಮ ಮುಗಿಸಿದವರು ತಂತಿ ಸಡಿಲಿಸದೆ ಇಟ್ಟು ಹೋಗಿದ್ದರು. ಅಷ್ಟು ವರ್ಷ ಆ ಭಾರವನ್ನು ಕತ್ತು ಒಂದೇ ಹೊತ್ತಿತ್ತು.

ಅದನ್ನು ನುಡಿಸುತ್ತಿದ್ದವರು ಮೊಳಕಾಲ್ಮೂರಿನವರು, ಹಗಲು ರೇಷ್ಮೆ ಸೀರೆ ನೇಯುವವರು. ಹುಡುಕಿಕೊಂಡು ಹೋದಾಗ ಮಗ್ಗದ ಗುಂಡಿಯಲ್ಲೇ ಕೂತು ಮಾತಾಡಿದರು. "ಮೊದಲು ಹೋಗಿದ್ದೇ ನಂದು ಕಣಪ್ಪ" ಎಂದರು. ಆರ್ಕೆಸ್ಟ್ರಾದ ಖರ್ಚು ತಗ್ಗಿಸಬೇಕಾದಾಗ ಗಾಯಕರನ್ನು ಬಿಡುವಂತಿಲ್ಲ, ಡ್ರಮ್ಮಿನವನನ್ನು ಬಿಡುವಂತಿಲ್ಲ. ಬೇಸ್ ಇಲ್ಲದಿದ್ದರೆ ಜನಕ್ಕೆ ಏನೋ ಕಡಿಮೆ ಅನ್ನಿಸುತ್ತದೆಯೇ ಹೊರತು ಏನು ಕಡಿಮೆ ಎಂದು ತಿಳಿಯುವುದಿಲ್ಲ. ಕೀಬೋರ್ಡಿನವನ ಎಡಗೈಗೆ ಆ ಕೆಲಸ ವಹಿಸಿದರು. ಆಮೇಲೆ ಪೆನ್‌ಡ್ರೈವ್ ಬಂತು, ಕೀಬೋರ್ಡಿನವನೂ ಹೋದ. "ಅಣ್ಣಾ, ಬೇಸ್ ಹೇಗೆ ಕಲಿತಿರಿ?" ಎಂದು ಕೇಳಿದೆ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಉರುಮೆ ಕೇಳಿಕೊಂಡು ಬೆಳೆದವನಿಗೆ ಕೆಳಗಿನ ದನಿ ಯಾರೂ ಹೇಳಿಕೊಡಬೇಕಿರಲಿಲ್ಲ ಎಂದರು. ಉರುಮೆಯ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿದಾಗ ಹೊಟ್ಟೆಯೊಳಗಿಂದ ಬಂದಂತೆ ಒಂದು ನರಳು ಹೊರಡುತ್ತದಲ್ಲ, ಅದರ ಮಾತು. ನನ್ನ ಪ್ರಬಂಧದ ಮೂರು ಅಧ್ಯಾಯಗಳಲ್ಲಿ ಆ ನರಳಿನ ವರ್ಣನೆ ಇದೆ. ಅದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಒಂದರಲ್ಲೂ ಇಲ್ಲ.

ರಿಪೇರಿಯ ಕತೆ ಚಿಕ್ಕದು, ಆದರೆ ವಾದಕ್ಕೆ ಬೇಕಾದದ್ದು. ಕತ್ತಿನೊಳಗೆ ಒಂದು ಉಕ್ಕಿನ ಸರಳಿರುತ್ತದೆ. ತಂತಿ ಬಿಚ್ಚಿ, ಅದರ ನಟ್ಟನ್ನು ಕಾಲು ಸುತ್ತು ತಿರುಗಿಸಿ, ಒಂದು ದಿನ ಕಾದು, ಮತ್ತೆ ಕಾಲು ಸುತ್ತು. ಅವಸರ ಮಾಡಿದರೆ ಸರಳು ಮುರಿಯುತ್ತದೆ, ಇಲ್ಲವೇ ಮರ ಸೀಳುತ್ತದೆ. ಎರಡು ವಾರ ಹಿಡಿಯಿತು. ಫ್ರೆಟ್ಟುಗಳ ತುಕ್ಕನ್ನು ನೇಕಾರರೇ ಉಜ್ಜಿ ತೆಗೆದರು. ಎಳೆಯ ಏರುಪೇರು ಬೆರಳಲ್ಲೇ ಹಿಡಿಯುವವರಿಗೆ ಯಾವ ಫ್ರೆಟ್ಟು ಎದ್ದಿದೆ ಎಂದು ನೋಡಲು ಸ್ಕೇಲು ಬೇಕಾಗಲಿಲ್ಲ. ಪಿಕಪ್ ಸತ್ತಿತ್ತು. ಅದರೊಳಗೆ ಅಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು ಇರುತ್ತದೆ. ಉಕ್ಕಿನ ತಂತಿಯ ಕಂಪನ ಅದರಲ್ಲಿ ವಿದ್ಯುತ್ತಾಗುತ್ತದೆ. ಚಳ್ಳಕೆರೆಯಲ್ಲಿ ಅದನ್ನು ಯಾರು ನೋಡಬೇಕು? ಬೋರ್‌ವೆಲ್ ಮೋಟರ್ ವೈಂಡಿಂಗ್ ಮಾಡುವವರು ನೋಡಿದರು. "ಇದೂ ಸುರುಳಿನೇ ಅಲ್ವಾ" ಎಂದು ಮೀಟರ್ ಹಿಡಿದು, ತಂತಿ ಕಡಿದದ್ದು ಒಳಗಲ್ಲ, ಹೊರತುದಿಯ ಬೆಸುಗೆಯ ಹತ್ತಿರ ಎಂದು ಕಂಡುಹಿಡಿದು ಮತ್ತೆ ಬೆಸೆದುಕೊಟ್ಟರು. ಬೆಂಗಳೂರಿನಿಂದ ತರಿಸಿದ್ದು ನಾಲ್ಕು ತಂತಿ ಮತ್ತು ಒಂದು ಬಿರಡೆ ಮಾತ್ರ. ಮಿಕ್ಕ ವಿದ್ಯೆಯೆಲ್ಲ ಈ ಎರಡು ಊರುಗಳಲ್ಲೇ ಇತ್ತು.

ಈಗ ವಿದ್ವಾಂಸರ ಮಾತಿಗೆ ಬರುತ್ತೇನೆ. ಎಲೆಕ್ಟ್ರಿಕ್ ವಾದ್ಯ ಹೊರಗಿನದು, ಆದ್ದರಿಂದ ಅದು ನಮ್ಮ ಅಧ್ಯಯನದ ವಸ್ತುವಲ್ಲ ಎಂಬುದು ಅವರ ವಾದ. ಹೊರಗಿನದು ನಿಜ. ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ತನ್ನ ಬೇಸ್ ಗಿಟಾರನ್ನು ಮಾರುಕಟ್ಟೆಗೆ ಬಿಟ್ಟದ್ದು 1951ರಲ್ಲಿ. ಆದರೆ ಹಾರ್ಮೋನಿಯಂ ಎಲ್ಲಿಯದು? ಯುರೋಪಿನಿಂದ ಬಂದದ್ದು. 1940ರಲ್ಲಿ ಆಕಾಶವಾಣಿ ಅದನ್ನು ಪರಕೀಯವೆಂದು ಹೊರಗಿಟ್ಟಿತು. ಆ ಬಹಿಷ್ಕಾರ ಸಡಿಲವಾಗಲು 1971ರ ತನಕ ಕಾಯಬೇಕಾಯಿತು. ಅಷ್ಟು ಕಾಲ ನಮ್ಮ ಹಳ್ಳಿಯ ನಾಟಕದ ಮೇಷ್ಟ್ರುಗಳು ಬಾನುಲಿಯ ಅಪ್ಪಣೆಗೆ ಕಾಯದೆ ಅದನ್ನೇ ಒತ್ತುತ್ತಿದ್ದರು. ಇವತ್ತು ಹಾರ್ಮೋನಿಯಂ ಮೇಷ್ಟ್ರ ಸಂದರ್ಶನ ಮಾಡದ ಜಾನಪದ ಸಂಶೋಧಕನಿಲ್ಲ. ಪಿಟೀಲೂ ಹಾಗೆಯೇ ಬಂದದ್ದು. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು, ಯಾರೂ ಮಡಿ ಕೆಟ್ಟಿತು ಎನ್ನಲಿಲ್ಲ. ಹೊರಗಿನ ವಾದ್ಯ ಒಳಗಿನದಾಗಲು ಎಷ್ಟು ವರ್ಷ ಬೇಕು? ಅದನ್ನು ತೀರ್ಮಾನಿಸುವವರು ನುಡಿಸುವವರೋ ಅಥವಾ ನಾವೋ?

1968ರಲ್ಲಿ ಮೈಸೂರಿನ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ನಮ್ಮ ಜಿಲ್ಲೆಯವರೇ ಆದ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಅದಕ್ಕಾಗಿ ಊರೂರು ಅಲೆದು ವಸ್ತುಗಳನ್ನು ತಂದರು. ಅವರು ತಂದ ಎಷ್ಟೋ ಸಾಮಾನುಗಳು ಆಗ ಅಟ್ಟದ ಮೇಲೆ ಬಿದ್ದ ಹಳೆಯ ಸಾಮಾನುಗಳೇ. ಸೌದೆಗೂ ಬಾರದವು ಎಂದು ಆಗಲೂ ಯಾರೋ ಅಂದಿರಬೇಕು. ಆ ಪೀಳಿಗೆ ತನ್ನ ಕಾಲದ ಅಟ್ಟ ಹತ್ತಿತು. ನಾವು ನಮ್ಮ ಕಾಲದ ಗೋಡೌನಿಗೆ ಹೋಗದೆ, ಅವರ ಅಟ್ಟದ ಪಟ್ಟಿಯನ್ನೇ ಮತ್ತೆ ಮತ್ತೆ ನಕಲು ಮಾಡುತ್ತಿದ್ದೇವೆ.

ಆರ್ಕೆಸ್ಟ್ರಾಗಳ ಕಾಲ ಚಿನ್ನದ್ದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕುಡಿದು ಬಂದವರ ಕೂಗಾಟದ ನಡುವೆ ಹಾಡಬೇಕಿದ್ದ ಗಾಯಕಿಯರನ್ನು ಕೇಳಿದರೆ ಬೇರೆಯೇ ಕತೆ ಹೇಳುತ್ತಾರೆ. ನುಡಿಸಿದ್ದು ಬಹುಪಾಲು ಸಿನಿಮಾ ಹಾಡು, ಅದೂ ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ. ಹಳೆಯ ಮೇಳಗಳ ಹೊಟ್ಟೆಪಾಡಿಗೆ ಅದರಿಂದ ಪೆಟ್ಟು ಬಿದ್ದದ್ದೂ ಸುಳ್ಳಲ್ಲ. ಇವೆಲ್ಲ ಆರ್ಕೆಸ್ಟ್ರಾದ ಬಗ್ಗೆ ಬರೆಯಲು ಕಾರಣಗಳು. ಬರೆಯದೇ ಇರಲು ಇದರಲ್ಲಿ ಒಂದು ಕಾರಣವೂ ನನಗೆ ಕಾಣುವುದಿಲ್ಲ.

ಇನ್ನೊಂದು ಬಗೆಯ ಗೆಳೆಯರ ಜೊತೆಗೂ ನನಗೆ ಜಗಳವಿದೆ. ಗಿಟಾರಿನ ಫೋಟೊ ನೋಡಿದ ಕೂಡಲೇ, ಪೂರ್ತಿ ಉಜ್ಜಿ ಹೊಸ ಬಣ್ಣ ಹೊಡೆಸು, ಹೊಸದರ ಹಾಗೆ ಕಾಣುತ್ತದೆ ಎಂದವರು ಇವರು. ಬಣ್ಣಕ್ಕೆ ನಾನೂ ಮರಳುಕಾಗದ ತಂದಿಟ್ಟಿದ್ದೆ. ಬಿರಡೆಗಳಿರುವ ತಲೆಯ ಧೂಳು ಒರೆಸಿದಾಗ ಅಲ್ಲಿ ಕುಂಕುಮದ ಬೊಟ್ಟುಗಳು ಕಂಡವು. ಒಂದರ ಮೇಲೊಂದು, ಪದರ ಪದರ. ನೇಕಾರರು ನೋಡಿ, "ಆಯುಧಪೂಜೆದು. ಮಗ್ಗಕ್ಕೆ ಇಟ್ಟ ಮೇಲೆ ಇದಕ್ಕೂ ಇಡ್ತಿದ್ದೆ" ಎಂದರು. ಮರಳುಕಾಗದವನ್ನು ಅಂಗಡಿಗೆ ಹಿಂತಿರುಗಿಸಿದೆ. ಈ ವಾದ್ಯ ನಮ್ಮದೋ ಅಲ್ಲವೋ ಎಂಬ ಪ್ರಶ್ನೆಗೆ ಅಷ್ಟೂ ವರ್ಷ ಪ್ರತಿ ನವರಾತ್ರಿಯಲ್ಲಿ ಒಂದೊಂದು ಉತ್ತರ ಅದರ ತಲೆಯ ಮೇಲೆ ಬೀಳುತ್ತಿತ್ತು. ಕೆಟ್ಟದ್ದನ್ನು ಸರಿ ಮಾಡಬೇಕು, ಬಳಕೆಯ ಗುರುತನ್ನು ಬಿಡಬೇಕು. ರಿಪೇರಿಗೂ ಸಂಶೋಧನೆಗೂ ಇದೇ ನಿಯಮ ಸಾಕು.

ಕ್ಷೇತ್ರಕಾರ್ಯಕ್ಕೆ ಹೊರಟಿರುವ ಗೆಳೆಯ ಗೆಳತಿಯರಲ್ಲಿ ನನ್ನ ಕೋರಿಕೆ ಇಷ್ಟು. ಉರುಮೆಯವರನ್ನು ಮಾತಾಡಿಸಿದ ದಿನವೇ ಆ ಊರಿನ ಸೌಂಡ್ ಸರ್ವಿಸ್ ಅಂಗಡಿಗೂ ಹೋಗಿ. ಯಾರು ಏನು ನುಡಿಸುತ್ತಿದ್ದರು, ಒಂದು ರಾತ್ರಿಗೆ ಎಷ್ಟು ಕೊಡುತ್ತಿದ್ದರು, ಯಾವ ವರ್ಷ ನಿಂತಿತು ಎಂದು ಬರೆದುಕೊಳ್ಳಿ. ಆ ತಲೆಮಾರಿನವರಿಗೆ ಈಗ ಐವತ್ತು ಅರವತ್ತು ವಯಸ್ಸು, ಇನ್ನೂ ಮಾತಿಗೆ ಸಿಗುತ್ತಾರೆ. ಅವರಿಗೆ ಎಂಬತ್ತಾದ ಮೇಲೆ ಪ್ರಶಸ್ತಿ ಕೊಡಿಸಲು ಓಡಾಡುವುದಕ್ಕಿಂತ ಈಗ ಒಂದು ಮಧ್ಯಾಹ್ನ ಕೂತು ಕೇಳುವುದು ಸುಲಭ. ವಾದ್ಯ ಎಲ್ಲಾದರೂ ಕಂಡರೆ, ಬೇರೇನೂ ಮಾಡಲಾಗದಿದ್ದರೂ, ತಂತಿಯನ್ನು ಸಡಿಲಿಸಿ ಬನ್ನಿ.

ಗಿಟಾರು ಈಗ ಮೊಳಕಾಲ್ಮೂರಿನಲ್ಲಿ, ಮಗ್ಗದ ಪಕ್ಕದ ಗೋಡೆಯ ಮೇಲಿದೆ. ಮೊದಲ ಸಲ ಆಂಪ್ಲಿಫೈಯರಿಗೆ ಸಿಕ್ಕಿಸಿ ಕೆಳತಂತಿ ಮೀಟಿದಾಗ ಕಿಟಕಿಯ ಗಾಜು ನಡುಗಿತು. ಒಳಗಿನಿಂದ ಅವರ ಹೆಂಡತಿ, "ಮತ್ತೆ ಶುರುವಾಯ್ತಾ?" ಎಂದರು. ನನ್ನ ಪ್ರಬಂಧಕ್ಕೆ ನಾಲ್ಕನೆಯ ಅಧ್ಯಾಯ ಸೇರಿಸಲು ಮಾರ್ಗದರ್ಶಕರಿಗೆ ಅರ್ಜಿ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.