ಬಿಚ್ಚಿದವನೇ ಸದ್ದಿನ ಮೂಲ ಹುಡುಕಬೇಕೆ?

ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸುವ ಮಾಲೀಕರು ಸಣ್ಣಪುಟ್ಟ ಕೆಲಸಕ್ಕೆಲ್ಲ ಗ್ಯಾರೇಜಿಗೆ ಹೋಗುವುದಿಲ್ಲ. ಬೆಲ್ಟ್, ವಾಟರ್ ಪಂಪ್, ನಾಜಲ್, ಟ್ಯಾಪೆಟ್ ಸೆಟ್ಟಿಂಗ್, ಧೈರ್ಯವಿದ್ದವರು ಹೆಡ್ ಗ್ಯಾಸ್ಕೆಟ್ ತನಕ ಮನೆ ಮುಂದೆಯೇ ಮಾಡಿ ಮುಗಿಸುತ್ತಾರೆ. ತೊಡಕು ಶುರುವಾಗುವುದು ಆಮೇಲೆ. ಸೆಲ್ಫ್ ಹೊಡೆದರೆ ಎಂಜಿನ್ ಚಾಲೂ ಆಗುತ್ತದೆ, ಆದರೆ ನಿನ್ನೆ ಇಲ್ಲದ ಸದ್ದೊಂದು ಇವತ್ತು ಕೇಳುತ್ತದೆ. ಅದರ ಮೂಲವನ್ನು ರಿಪೇರಿ ಮಾಡಿದವರೇ ಹುಡುಕಬೇಕೋ, ಎಂಜಿನ್ ಆಫ್ ಮಾಡಿ ಮೆಕ್ಯಾನಿಕ್‌ಗೆ ಹೇಳಿಕಳಿಸಬೇಕೋ? ಚಳ್ಳಕೆರೆ, ಹಿರಿಯೂರು ಕಡೆಯಿಂದ ಬೆಂಗಳೂರಿಗೆ ಈರುಳ್ಳಿ ಹೊಡೆಯುವ ಮಾಲೀಕ-ಚಾಲಕರ ಪರವಾಗಿ ಒಂದು ವಾದ, ಹೆದ್ದಾರಿ ಬದಿಯ ಡೀಸೆಲ್ ಮೆಕ್ಯಾನಿಕ್‌ಗಳ ಪರವಾಗಿ ಇನ್ನೊಂದು.

ಪರ: ಮುಟ್ಟಿದ ಕೈಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ

ಯಾವ ನಟ್ ಬಿಚ್ಚಿದೆವು, ಯಾವ ಪೈಪನ್ನು ಪಕ್ಕಕ್ಕೆ ಎಳೆದು ಕಟ್ಟಿದೆವು, ಯಾವ ಕಡೆ ಹಳೆಯ ವಾಷರನ್ನೇ ಮತ್ತೆ ಹಾಕಿದೆವು ಎಂಬುದೆಲ್ಲ ಬಿಚ್ಚಿದವರಿಗೆ ಮಾತ್ರ ಗೊತ್ತು. ರಿಪೇರಿ ಮುಗಿದ ಕೂಡಲೇ ಕೇಳಿಸಿದ ಸದ್ದಿಗೆ ಕಾರಣ ಹೆಚ್ಚಿನ ಸಲ ಆ ರಿಪೇರಿಯ ಆಸುಪಾಸಿನಲ್ಲೇ ಇರುತ್ತದೆ. ಫ್ಯಾನ್ ರೆಕ್ಕೆ ಕೌಲಿಂಗ್‌ಗೆ ಉಜ್ಜುತ್ತಿರಬಹುದು. ಟರ್ಬೊ ಹೋಸ್‌ನ ಕ್ಲಿಪ್ ಸರಿಯಾಗಿ ಕೂತಿರದೆ ಸಿಳ್ಳೆ ಹೊಡೆಯುತ್ತಿರಬಹುದು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಆದರೆ ಬರುವ ಟಕ್ ಟಕ್ ಸದ್ದನ್ನು ಅನುಭವಿಗಳೂ ಟ್ಯಾಪೆಟ್ ಸದ್ದು ಅಂದುಕೊಳ್ಳುತ್ತಾರೆ. ಹತ್ತಿರ ಹೋಗಿ ನೋಡಿದರೆ ಜಾಯಿಂಟ್ ಬಳಿ ಕಪ್ಪು ಮಸಿ ಕೂತಿರುತ್ತದೆ. ನಾಜಲ್ ಕೆಳಗಿನ ತಾಮ್ರದ ವಾಷರ್ ಸರಿಯಾಗಿ ಕೂರದಿದ್ದರೆ ಬುಡದಿಂದ ಫಸ್ ಫಸ್ ಎಂದು ಗ್ಯಾಸ್ ಬರುತ್ತದೆ. ಇವಕ್ಕೆಲ್ಲ ಬೇಕಾದದ್ದು ಒಂದು ಬ್ಯಾಟರಿ ಲೈಟು, ಒಂದು ಸ್ಪ್ಯಾನರ್ ಮತ್ತು ತಾಳ್ಮೆ. ಇದಕ್ಕೋಸ್ಕರ ಲಾರಿಯನ್ನು ಗ್ಯಾರೇಜಿನ ಸಾಲಿನಲ್ಲಿ ನಿಲ್ಲಿಸಿ ಎರಡು ದಿನದ ಬಾಡಿಗೆ ಕಳೆದುಕೊಳ್ಳುವುದು ಯಾವ ನ್ಯಾಯ?

ಸದ್ದು ಹುಡುಕುವುದಕ್ಕೆ ಒಂದು ಕ್ರಮವಿದೆ. ಅದನ್ನು ಕಲಿಯಲು ಐಟಿಐ ಓದಿರಬೇಕೆಂದಿಲ್ಲ. ಮೊದಲು ಎಂಜಿನ್ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಆಮೇಲೆ ಒಂದೊಂದೇ ಭಾಗವನ್ನು ಸಂಶಯದಿಂದ ಬಿಡಿಸುತ್ತಾ ಬನ್ನಿ. ಬೆಲ್ಟ್ ಕಳಚಿ ಅರೆ ನಿಮಿಷ ಮಾತ್ರ ಎಂಜಿನ್ ಓಡಿಸಿ. ಸದ್ದು ಹೋದರೆ ಆಲ್ಟರ್ನೇಟರ್, ವಾಟರ್ ಪಂಪ್ ಅಥವಾ ಐಡ್ಲರ್ ಬೇರಿಂಗ್. ಕ್ಲಚ್ ತುಳಿದಾಗ ಸದ್ದು ಬದಲಾದರೆ ರಿಲೀಸ್ ಬೇರಿಂಗ್ ಅಥವಾ ಗೇರ್ ಬಾಕ್ಸ್ ಕಡೆ ನೋಡಬೇಕು. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಮಾಯವಾಗುವುದು ಸಾಮಾನ್ಯವಾಗಿ ಪಿಸ್ಟನ್ ಸವೆದ ಸದ್ದು. ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ವಾಲ್ವ್ ಕಡೆಯ ಸದ್ದಿನ ತಾಳ ನಿಧಾನ, ಕ್ರ್ಯಾಂಕ್ ಕಡೆಯದು ಚುರುಕು. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ ಆ ಸಿಲಿಂಡರನ್ನು ಕಟ್ ಮಾಡಿ ನೋಡಬಹುದು. ಮೂರನೆಯದನ್ನು ಕಟ್ ಮಾಡಿದಾಗ ಬಡಿತ ಅಡಗಿದರೆ ಹುಡುಕಾಟ ಮೂರನೆಯ ಸಿಲಿಂಡರಿಗೆ ಬಂದು ನಿಲ್ಲುತ್ತದೆ. ಯಾವುದನ್ನು ಕಟ್ ಮಾಡಿದರೂ ಸದ್ದು ಇದ್ದ ಹಾಗೇ ಇದ್ದರೆ ಟ್ಯಾಪೆಟ್, ಟೈಮಿಂಗ್ ಗೇರ್ ಅಥವಾ ಹೊರಗಿನ ಯಾವುದಾದರೂ ಭಾಗ.

ಲಾರಿಯ ಎಂಜಿನ್ನಿಗೆ ಕಾರಿನಲ್ಲಿಲ್ಲದ ಒಂದು ಭಾಗವಿದೆ: ಬ್ರೇಕಿಗೆ ಗಾಳಿ ತುಂಬುವ ಏರ್ ಕಂಪ್ರೆಸರ್. ಅದಕ್ಕೆ ತನ್ನದೇ ಪಿಸ್ಟನ್, ತನ್ನದೇ ಕನೆಕ್ಟಿಂಗ್ ರಾಡ್, ತನ್ನದೇ ಬೇರಿಂಗ್ ಇವೆ. ಎಂಜಿನ್ನಿನ ಗೇರಿನಿಂದಲೇ ತಿರುಗುವ ಕಾರಣ ಅದರ ಬೇರಿಂಗ್ ಸವೆದರೆ ಥೇಟ್ ಎಂಜಿನ್ನಿನ ಬಿಗ್ ಎಂಡ್ ಹೊಡೆದ ಹಾಗೆ ಕೇಳುತ್ತದೆ. ಕಿವಿಗೊಟ್ಟ ಮಾತ್ರಕ್ಕೆ 'ಎಂಜಿನ್ ಇಳಿಸಬೇಕು' ಎಂದುಬಿಡುವ ಗ್ಯಾರೇಜುಗಳಿವೆ. ಆದರೆ ಪರೀಕ್ಷೆ ಬಹಳ ಸುಲಭ. ಚಕ್ರಕ್ಕೆ ಕಲ್ಲು ಕೊಟ್ಟು, ಗಾಳಿ ಟ್ಯಾಂಕಿನ ಡ್ರೈನ್ ಬಿಟ್ಟು, ಗೇಜ್ ಕೆಳಗಿಳಿದ ಮೇಲೆ ಎಂಜಿನ್ ಚಾಲೂ ಮಾಡಿ. ಟ್ಯಾಂಕ್ ತುಂಬುವ ತನಕ ಕಂಪ್ರೆಸರ್ ಮೇಲೆ ಭಾರವಿರುತ್ತದೆ. ಗೇಜ್ ಸುಮಾರು 8 ಬಾರ್ ತಲುಪಿದಾಗ ಗಾಳಿ ಕಟ್ ಆಗಿ ಭಾರ ಇಳಿಯುತ್ತದೆ. ಅದೇ ಗಳಿಗೆಗೆ ಬಡಿತದ ರೀತಿ ಬದಲಾದರೆ, ದೋಷ ಇರುವುದು ಎಂಜಿನ್ನಿನ ಹೊಟ್ಟೆಯೊಳಗಲ್ಲ, ಪಕ್ಕದಲ್ಲಿ ಬೋಲ್ಟ್ ಹಾಕಿ ಕೂರಿಸಿದ ಕಂಪ್ರೆಸರಿನಲ್ಲಿ. ಒಂದಕ್ಕೆ ಆಗುವ ಖರ್ಚಿಗೂ ಇನ್ನೊಂದಕ್ಕೆ ಆಗುವ ಖರ್ಚಿಗೂ ಅಜಗಜಾಂತರ. ಹತ್ತು ನಿಮಿಷದ ಈ ಪರೀಕ್ಷೆ ತಿಳಿದ ಮಾಲೀಕನನ್ನು ಯಾರೂ ಹೆದರಿಸಲಾರರು.

ಹೊಟ್ಟೆಪಾಡಿನ ಮಾತೂ ಇದೆ. ತಿಂಗಳ ಕಂತು ಲಾರಿ ನಿಂತಿದೆಯೋ ಓಡುತ್ತಿದೆಯೋ ನೋಡುವುದಿಲ್ಲ. ಈರುಳ್ಳಿ ಲೋಡ್ ಒಂದು ರಾತ್ರಿ ತಾರ್ಪಾಲ್ ಕೆಳಗೆ ಬೆವೆತರೆ ಯಶವಂತಪುರದ ಮಾರುಕಟ್ಟೆಯಲ್ಲಿ ದರ ಮುರಿಯುತ್ತಾರೆ. ಕಂಪನಿ ಸರ್ವೀಸ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ಇಂಥ ಸ್ಥಿತಿಯಲ್ಲಿ, ದಿನವೂ ಅದೇ ಎಂಜಿನ್ನಿನ ಮೇಲೆ ಕೂತು ಅದರ ಪ್ರತಿ ಸದ್ದನ್ನೂ ಕೇಳಿರುವ ಚಾಲಕನ ಕಿವಿಗಿಂತ ಬೇರೆ ಯಾರ ಕಿವಿ ಹೆಚ್ಚು ನಂಬಿಕೆಗೆ ಅರ್ಹ?

ವಿರೋಧ: ದೊಡ್ಡ ತಪ್ಪು ಸದ್ದೇ ಮಾಡುವುದಿಲ್ಲ

ಚಾಲಕನ ಕಿವಿಯ ಮೇಲೆ ನಮಗೂ ಗೌರವವಿದೆ. ಅವರು 'ಏನೋ ಬದಲಾಗಿದೆ' ಅಂದರೆ ಬದಲಾಗಿಯೇ ಇರುತ್ತದೆ. ಏನು ಬದಲಾಗಿದೆ ಎಂಬುದನ್ನು ಮಾತ್ರ ಕಿವಿಯೊಂದೇ ಹೇಳಲಾರದು.

ಟ್ಯಾಪೆಟ್ಟನ್ನೇ ತೆಗೆದುಕೊಳ್ಳಿ. ನಮ್ಮ ರಸ್ತೆಯ ಎಷ್ಟೋ ಟಾಟಾ ಲಾರಿಗಳಲ್ಲಿ ಕಮಿನ್ಸ್‌ನ 5.9 ಲೀಟರಿನ 6 ಸಿಲಿಂಡರ್ ಎಂಜಿನ್ ಇದೆ. ಅದರ ಹಳೆಯ 12 ವಾಲ್ವ್ ಮಾದರಿಗೆ ಇನ್ಲೆಟ್ ಗ್ಯಾಪ್ 0.25 ಮಿ.ಮೀ., ಎಕ್ಸಾಸ್ಟ್ ಗ್ಯಾಪ್ 0.51 ಮಿ.ಮೀ. ಫೈರಿಂಗ್ ಆರ್ಡರ್ 1-5-3-6-2-4. ಒಂದನೆಯ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಮೇಲೆ ಬಂದಾಗ ಆರನೆಯದರ ಎರಡೂ ವಾಲ್ವ್ ಅಲುಗಾಡುವ ಹಂತದಲ್ಲಿರುತ್ತವೆ. ಇದನ್ನು ನೋಡಿಕೊಳ್ಳದೆ ಕ್ರ್ಯಾಂಕನ್ನು ಒಂದು ಸುತ್ತು ಆಚೀಚೆ ಇಟ್ಟು ಗ್ಯಾಪ್ ಕೊಟ್ಟರೆ ಕೆಲವು ವಾಲ್ವ್ ವಿಪರೀತ ಸಡಿಲವಾಗುತ್ತವೆ. ಸಡಿಲವಾದದ್ದು ಕಟಕಟ ಎನ್ನುತ್ತದೆ. ಮಾಲೀಕರು ಕವರ್ ತೆಗೆದು, ಎಂಜಿನ್ ಓಡುತ್ತಿರುವಾಗಲೇ ಸ್ಕ್ರೂ ಒಂದಿಷ್ಟು ಬಿಗಿ ಮಾಡಿ 'ಸೌಂಡ್ ಹೋಯ್ತು' ಎಂದು ಲೋಡ್ ತುಂಬುತ್ತಾರೆ. ಅತಿ ಬಿಗಿಯಾದ ಎಕ್ಸಾಸ್ಟ್ ವಾಲ್ವ್ ಸದ್ದು ಮಾಡುವುದಿಲ್ಲ. ಅದು ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಕೂರದಿದ್ದರೆ ಬಿಸಿ ಇಳಿಯುವುದಿಲ್ಲ. ಲೋಡ್ ಹೊತ್ತು ಗುಡ್ಡ ಏರುವಾಗ ಅಂಚು ಸುಟ್ಟುಹೋಗುತ್ತದೆ. ಕೆಲವು ದಿನಗಳ ಮೇಲೆ 'ಪಿಕಪ್ ಇಲ್ಲ' ಎಂದು ಬರುತ್ತಾರೆ. ಸದ್ದು ಅಡಗಿಸುವುದನ್ನೇ ಗುರಿ ಮಾಡಿಕೊಂಡ ಹುಡುಕಾಟ ಹೀಗೆ ದಾರಿ ತಪ್ಪಿಸುತ್ತದೆ.

'ಕೊನೆಗೆ ಮುಟ್ಟಿದ್ದನ್ನೇ ನೋಡು' ಎಂಬ ಮಾತು ಕೂಡ ಅರ್ಧ ಮಾತ್ರ ನಿಜ. ಹೆಡ್ ಗ್ಯಾಸ್ಕೆಟ್ ಬದಲಿಸಿ, ವಾಲ್ವ್ ಗ್ರೈಂಡ್ ಮಾಡಿಸಿದರೆ ಕಂಪ್ರೆಷನ್ ಚೇತರಿಸುತ್ತದೆ. ಅಷ್ಟು ದಿನ ಸೋರುವ ಹೆಡ್‌ನ ಕೆಳಗೆ ತಣ್ಣಗಿದ್ದ ಸವೆದ ಬಿಗ್ ಎಂಡ್ ಬೇರಿಂಗ್ ಮೇಲೆ ಈಗ ಪೂರ್ತಿ ಬಲ ಬೀಳುತ್ತದೆ, ಬಡಿಯಲು ತೊಡಗುತ್ತದೆ. ಮಾಲೀಕರು ತಾವು ಮುಟ್ಟಿದ ಮೇಲುಭಾಗವನ್ನೇ ಮತ್ತೆ ಮತ್ತೆ ಬಿಚ್ಚುತ್ತಾರೆ. ದೋಷ ಇರುವುದು ಅವರು ಮುಟ್ಟದ ಕೆಳಭಾಗದಲ್ಲಿ. ಕೆಲವೊಮ್ಮೆ ಮೇಲಿನ ಕೆಲಸವೇ ಅಪಾಯ ತಂದಿರುತ್ತದೆ: ಎಷ್ಟೋ ಡೀಸೆಲ್ ಎಂಜಿನ್ನುಗಳಲ್ಲಿ ಹೆಡ್ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಹೆಡ್ ಫೇಸಿಂಗ್ ಮಾಡಿಸಿ, ಪಿಸ್ಟನ್ ಎಷ್ಟು ಮೇಲೆ ಬರುತ್ತದೆಂದು ಡಯಲ್ ಗೇಜ್ ಇಟ್ಟು ಅಳೆಯದೆ ತೆಳುವಾದದ್ದನ್ನು ಹಾಕಿದರೆ ಪಿಸ್ಟನ್ ವಾಲ್ವ್‌ಗೆ ತಾಗುತ್ತದೆ. ಆ ಸದ್ದನ್ನು ಸ್ಕ್ರೂಡ್ರೈವರ್ ಕಿವಿಗಿಟ್ಟು ಹುಡುಕುತ್ತಾ ಕೂರುವುದಕ್ಕೆ ಎಂಜಿನ್ನಿಗೆ ಆಯುಷ್ಯ ಉಳಿದಿರುವುದಿಲ್ಲ.

ನಮ್ಮ ಮುಖ್ಯ ತಕರಾರು ಇಲ್ಲಿದೆ. ಸದ್ದು ಹುಡುಕಬೇಕೆಂದರೆ ಎಂಜಿನ್ ಓಡುತ್ತಿರಬೇಕು. ಕೆಟ್ಟ ಸದ್ದಿನ ಎಂಜಿನ್ನಿಗೆ ಓಡುವ ಪ್ರತಿ ನಿಮಿಷವೂ ಗಂಡಾಂತರ. ಆಕ್ಸಿಲರೇಟರ್ ಕೊಟ್ಟಾಗ ಜೋರಾಗುವ ಗಟ್ಟಿ ಬಡಿತ, ಜೊತೆಗೆ ಆಯಿಲ್ ಗೇಜ್ ಇಳಿತ ಕಂಡರೆ ಆ ಕ್ಷಣ ಆಫ್ ಮಾಡಿದವರಿಗೆ ಹೆಚ್ಚಿನ ಸಲ ಬೇರಿಂಗ್ ಶೆಲ್ ಬದಲಿಸುವಲ್ಲಿಗೆ ಕೆಲಸ ಮುಗಿಯುತ್ತದೆ. 'ಇನ್ನೊಂದು ಸಲ ರೇಸ್ ಮಾಡು ನೋಡೋಣ' ಅಂದವರು ಕ್ರ್ಯಾಂಕನ್ನು ಲೇತ್‌ಗೆ ಕೊಟ್ಟು 0.25, 0.50 ಮಿ.ಮೀ. ಗ್ರೈಂಡ್ ಮಾಡಿಸಬೇಕಾಗುತ್ತದೆ. ಅಲ್ಲಿಗೂ ನಿಲ್ಲಿಸದಿದ್ದರೆ ರಾಡ್ ಮುರಿದು ಬ್ಲಾಕ್ ಒಡೆದು ಹೊರಬರುತ್ತದೆ.

ಇನ್ನು ಹೊಸ ಲಾರಿಗಳು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಹೊಗೆ ನಿಯಮ ಬಂದಿದೆ. ಈ ಲಾರಿಗಳ ಕಾಮನ್ ರೈಲ್ ಪೈಪಿನಲ್ಲಿ ಡೀಸೆಲ್ ಒತ್ತಡ 1600 ಬಾರ್ ದಾಟುತ್ತದೆ. ಲಾರಿಯ ಟೈರಿನಲ್ಲಿರುವುದು 8 ಬಾರ್ ಆಸುಪಾಸು. ಮೇಲೆ ಹೇಳಿದ 'ನಾಜಲ್ ನಟ್ ಸಡಿಲಿಸಿ ನೋಡುವ' ಪಾಠವನ್ನು ಇಲ್ಲಿ ಯಾರಾದರೂ ನಡೆಸಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಕಾಣುವುದು ಸೂಜಿಮೊನೆಯಷ್ಟು ಗಾಯ, ಮೊದಮೊದಲು ನೋವೂ ಅಷ್ಟಿರುವುದಿಲ್ಲ. ಒಳಗೆ ಮಾಂಸ ಕೊಳೆಯತೊಡಗುತ್ತದೆ. ಆಪರೇಷನ್ ತಡವಾದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ. ಇದು ಹೆದರಿಸುವ ಮಾತಲ್ಲ. ದಯವಿಟ್ಟು ಕಾಮನ್ ರೈಲ್ ಪೈಪನ್ನು ಎಂಜಿನ್ ಓಡುವಾಗ ಮುಟ್ಟಬೇಡಿ. ಅಲ್ಲಿ ಸಿಲಿಂಡರ್ ಕಟ್ ಮಾಡಿ ನೋಡುವುದು ಸ್ಕ್ಯಾನರಿನಿಂದ.

ರಸ್ತೆಯ ಮಾತು ಇನ್ನೂ ದೊಡ್ಡದು. ಓಡುವಾಗ ಎಂಜಿನ್ ಹಿಡಿದುಕೊಂಡರೆ ಕಂಪ್ರೆಸರ್ ಗಾಳಿ ತುಂಬುವುದು ನಿಲ್ಲುತ್ತದೆ, ಪವರ್ ಸ್ಟೇರಿಂಗ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಿಂದೆ ಬಸ್ಸು, ಪಕ್ಕದಲ್ಲಿ ಬೈಕು. ಅನುಮಾನದ ಎಂಜಿನ್ನನ್ನು 'ಒಂದು ಟ್ರಿಪ್ ಹೊಡೆದು ನೋಡ್ತೀನಿ' ಎಂದು ಹೆದ್ದಾರಿಗೆ ಇಳಿಸುವ ಹಕ್ಕು ಯಾವ ಮಾಲೀಕನಿಗೂ ಇಲ್ಲ.

ಪರ: ಒಪ್ಪುವುದು ಎಷ್ಟು, ಬಿಡದಿರುವುದು ಎಷ್ಟು

ಕಾಮನ್ ರೈಲ್ ವಿಷಯ ಪೂರ್ತಿ ಒಪ್ಪಿದೆವು. ಆಯಿಲ್ ಗೇಜ್ ಬಿದ್ದರೆ ಚಾವಿ ತಿರುಗಿಸಬೇಕೆಂಬುದನ್ನೂ ಒಪ್ಪಿದೆವು. ಆದರೆ ಎಂಜಿನ್ ಆಫ್ ಮಾಡಿದ ಮೇಲೂ ಮಾಲೀಕ ನೋಡಬಹುದಾದದ್ದು ಬಹಳವಿದೆ. ಆಯಿಲ್ ಫಿಲ್ಟರ್ ಬಿಚ್ಚಿ, ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಬಿಡಿಸಿ ನೋಡಿ. ಹೊಳೆಯುವ ಚೂರುಗಳಿದ್ದರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ, ಉಕ್ಕು. ಗೇರೋ ಕ್ಯಾಮೋ ಸವೆದಿರಬಹುದು. ಅಂಟದೆ ತಾಮ್ರದ ಬಣ್ಣದಲ್ಲಿ ಮಿನುಗಿದರೆ ಬೇರಿಂಗ್ ಶೆಲ್ಲಿನ ಮೇಲ್ಪದರ ಹೋಗಿ ಒಳಪದರ ಸವೆಯುತ್ತಿರಬಹುದು. ಆ ಕಾಗದವನ್ನು ಕೈಯಲ್ಲಿ ಹಿಡಿದು ಗ್ಯಾರೇಜಿಗೆ ಹೋದ ಮಾಲೀಕನಿಗೂ, 'ಏನೋ ಸೌಂಡು' ಎಂದು ಕೈಮುಗಿದು ನಿಂತವನಿಗೂ ಸಿಗುವ ಉತ್ತರ ಬೇರೆ, ಬಿಲ್ಲೂ ಬೇರೆ. ಕೇಳದೆ, ಅಳೆಯದೆ 'ಬೋರ್ ಕೆಲಸ' ಎಂದು ತೀರ್ಪು ಕೊಡುವ ಗ್ಯಾರೇಜುಗಳು ಇರುವ ತನಕ ಮಾಲೀಕ ತನ್ನ ಎಂಜಿನ್ನನ್ನು ತಾನು ಅರಿಯುವುದನ್ನು ಬಿಡಬಾರದು.

ವಿರೋಧ: ಹಾಗಾದರೆ ಎಲ್ಲವನ್ನೂ ಹೇಳಿ

ಫಿಲ್ಟರ್ ಕತ್ತರಿಸಿ ತರುವ ಮಾಲೀಕ ನಮ್ಮ ಬಾಗಿಲಿಗೆ ಬರುವುದು ಅಪರೂಪ. ಬಂದರೆ ನಮ್ಮ ಅರ್ಧ ದಿನ ಉಳಿಯುತ್ತದೆ. ಸಾಮಾನ್ಯವಾಗಿ ನಡೆಯುವುದು ಹೀಗೆ:

'ಏನ್ ಬಿಚ್ಚಿದ್ರಿ ಅಣ್ಣ?'

'ಏನೂ ಮಾಡಿಲ್ಲಪ್ಪ, ಬೆಳಗ್ಗೆಯಿಂದ ಹಿಂಗೇ ಸೌಂಡ್ ಬರ್ತೈತೆ.'

ಕ್ಯಾಬಿನ್ ಎತ್ತಿ ನೋಡಿದರೆ ಟ್ಯಾಪೆಟ್ ಕವರಿನ ಬೋಲ್ಟ್ ತಲೆಗಳು ಹೊಸದಾಗಿ ಮಿನುಗುತ್ತಿರುತ್ತವೆ, ಗ್ಯಾಸ್ಕೆಟ್ ಪೇಸ್ಟ್ ಇನ್ನೂ ಒಣಗಿರುವುದಿಲ್ಲ. ನಾಚಿಕೆಯಿಂದಲೋ ಬೈಯುತ್ತಾರೆಂಬ ಅಂಜಿಕೆಯಿಂದಲೋ ಮುಚ್ಚಿಟ್ಟ ಆ ಒಂದು ಮಾತಿಗಾಗಿ ನಾವು ಸಂಜೆಯ ತನಕ ಬೇರೆಲ್ಲೋ ಹುಡುಕುತ್ತೇವೆ. ಇನ್ಲೆಟ್ ಮ್ಯಾನಿಫೋಲ್ಡ್ ಬಿಚ್ಚಿದ್ದಾಗ ಒಂದು ವಾಷರ್ ಒಳಗೆ ಬಿದ್ದಿರಬಹುದು ಎಂಬ ಅನುಮಾನವಿದ್ದರಂತೂ ಅದನ್ನು ಸೆಲ್ಫ್ ಹೊಡೆಯುವ ಮೊದಲೇ ಹೇಳಬೇಕು. ಹೇಳದೆ ಚಾಲೂ ಮಾಡಿದರೆ ಪಿಸ್ಟನ್ ತಲೆ, ವಾಲ್ವ್, ಟರ್ಬೊ ಮೂರೂ ಹೋಗಬಹುದು.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಬೆಲ್ಟ್, ಫ್ಯಾನ್, ಕ್ಲಿಪ್, ಮಸಿ, ಗಾಳಿ ಗೇಜ್ ಇವನ್ನು ನೀವೇ ನೋಡಿ, ನಮ್ಮ ಅಭ್ಯಂತರವಿಲ್ಲ. ರೇಸ್ ಮಾಡಿದಾಗ ಬಡಿತ ಜೋರಾದರೆ ಆಫ್ ಮಾಡಿ, ಮತ್ತೆ ಚಾಲೂ ಮಾಡಬೇಡಿ, ಎಳೆಸಿಕೊಂಡು ಬನ್ನಿ. ಬರುವಾಗ ಬಿಚ್ಚಿದ್ದೇನು, ಯಾವ ಕ್ರಮದಲ್ಲಿ ಬಿಗಿ ಮಾಡಿದಿರಿ, ಟಾರ್ಕ್ ರಿಂಚ್ ಹಿಡಿದಿರೋ ಅಂದಾಜಿನ ಮೇಲೆ ಎಳೆದಿರೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಹಳೆಯ ಗ್ಯಾಸ್ಕೆಟ್ ಮತ್ತು ವಾಷರುಗಳನ್ನು ಒಂದು ಚೀಲದಲ್ಲಿ ಹಾಕಿ ತನ್ನಿ.